ಕೊಟೇಷನ್ ಎರಡು, ಪೈಪ್ ಒಂದೇನಾ? ಆನ್‌ಲೈನ್‌ನಲ್ಲಿ ಕಬ್ಬಿಣ, ಬೋಲ್ಟು, ಬೇರಿಂಗ್ ಕೊಳ್ಳುವ ಮುನ್ನ

ದಾವಣಗೆರೆಯಲ್ಲೋ ಹರಿಹರದಲ್ಲೋ ಶೆಡ್ ಹಾಕಿಕೊಂಡು ಅಡಿಕೆ ಸುಲಿಯುವ ಯಂತ್ರ, ಮೆಕ್ಕೆಜೋಳ ಬಿಡಿಸುವ ಯಂತ್ರ, ಟ್ರ್ಯಾಕ್ಟರ್ ಟ್ರೇಲರ್ ಮಾಡುವವರಿಗೆ ಈಗ ಮಾಲು ಸಿಗದ ತೊಂದರೆ ಇಲ್ಲ. ಫೋನ್ ತೆಗೆದು '40×40 ಪೈಪ್' ಎಂದು ಹುಡುಕಿದರೆ ಹತ್ತಾರು ದರ ಎದುರಿಗೆ ಬಂದು ನಿಲ್ಲುತ್ತವೆ. ಒಬ್ಬರದು ಕೆ.ಜಿ. ಲೆಕ್ಕ, ಇನ್ನೊಬ್ಬರದು ಲೆಂಗ್ತಿನ (ಕತ್ತರಿಸದ ಪೂರ್ತಿ ಉದ್ದದ ಒಂದು ಪೈಪಿನ) ಲೆಕ್ಕ. ಒಬ್ಬರು ಜಿಎಸ್‌ಟಿ ಸೇರಿಸಿ ಹೇಳಿರುತ್ತಾರೆ, ಇನ್ನೊಬ್ಬರು ಬಿಟ್ಟು ಹೇಳಿರುತ್ತಾರೆ. ಲಾರಿ ಬಾಡಿಗೆ ಯಾರದು ಎಂಬುದು ಎಷ್ಟೋ ಸಲ ಎಲ್ಲೂ ಬರೆದಿರುವುದಿಲ್ಲ. ಹೀಗಿರುವಾಗ ಸಾಲಿನ ತುದಿಯಲ್ಲಿ ಕಾಣುವ ಅತಿ ಕಡಿಮೆ ಸಂಖ್ಯೆಯನ್ನು ಹಿಡಿದುಕೊಂಡರೆ ಅದು ಹೋಲಿಕೆ ಆಗುವುದಿಲ್ಲ.

ಎಲ್ಲ ದರಗಳನ್ನೂ ಒಂದೇ ಸಂಖ್ಯೆಗೆ ತರಬೇಕು: ನಮಗೆ ಬೇಕಾದ ದಪ್ಪದ, ಬೇಕಾದ ದರ್ಜೆಯ ಮಾಲು ನಮ್ಮ ಶೆಡ್ಡಿನ ಬಾಗಿಲಲ್ಲಿ ಇಳಿದಾಗ ಕೆ.ಜಿ.ಗೆ ಅಥವಾ ಪೀಸಿಗೆ ಎಷ್ಟು ಬಿತ್ತು? ಆ ಒಂದು ಸಂಖ್ಯೆ ತೆಗೆಯುವುದು ಹೇಗೆ, ಅದನ್ನು ತಪ್ಪು ಮಾಡಿಸುವ ಸಂಗತಿಗಳು ಯಾವುವು ಎಂಬುದನ್ನು ಇಲ್ಲಿ ನೋಡೋಣ.

ಮೊದಲು, ಮಾರುತ್ತಿರುವವರು ಯಾರು

ಆನ್‌ಲೈನ್ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಬೇರೆ ಬೇರೆ ಜಾತಿಯ ವ್ಯಾಪಾರ ಸೇರಿಕೊಂಡಿವೆ. ಇಂಡಿಯಾಮಾರ್ಟ್‌ನಂಥ ತಾಣ ತಾನೇ ಮಾಲು ಮಾರುವುದಿಲ್ಲ, ನಿಮ್ಮ ವಿಚಾರಣೆಯನ್ನು ಮಾರಾಟಗಾರರಿಗೆ ಮುಟ್ಟಿಸುತ್ತದೆ. ಅಲ್ಲಿ ಕಾಣುವ ದರ ಮಾತು ಶುರುಮಾಡಲು ಇಟ್ಟ ದರ, ನಿಜವಾದ ದರ ಫೋನಿನಲ್ಲಿ ಗೊತ್ತಾಗುತ್ತದೆ. ಅಮೆಜಾನ್ ಬಿಸಿನೆಸ್, ಮಾಗ್ಲಿಕ್ಸ್‌ನಂಥ ತಾಣಗಳಲ್ಲಿ ಆರ್ಡರ್, ಹಣ, ವಾಪಸಾತಿ ಎಲ್ಲ ತಾಣದ ಮೂಲಕವೇ ನಡೆಯುತ್ತವೆ. ಆದರೂ ಬಿಲ್ಲು ಯಾರ ಹೆಸರಿನಲ್ಲಿ ಬರುತ್ತದೆ ಎಂದು ಪುಟದಲ್ಲಿ ನೋಡಲೇಬೇಕು. ಒಂದೇ ಬೇರಿಂಗನ್ನು ಅದೇ ಪುಟದಲ್ಲಿ ಹಲವರು ಮಾರುತ್ತಿರಬಹುದು, ಅವರಲ್ಲಿ ಕಂಪನಿಯ ಅಧಿಕೃತ ಡೀಲರ್ ಒಬ್ಬನೇ ಇರಬಹುದು. ಇನ್ನು ಸ್ವಂತ ಗೋಡೌನ್ ಇರುವ ಸ್ಟಾಕಿಸ್ಟ್‌ಗಳು, ಪೀಣ್ಯದಲ್ಲಿ, ಹುಬ್ಬಳ್ಳಿಯಲ್ಲಿ ಇರುವವರು, ತಮ್ಮದೇ ವೆಬ್‌ಸೈಟ್ ಅಥವಾ ವಾಟ್ಸಾಪ್ ಕ್ಯಾಟಲಾಗ್ ಇಟ್ಟುಕೊಂಡಿರುತ್ತಾರೆ. ಕಬ್ಬಿಣದ ವಿಷಯದಲ್ಲಿ ದಾವಣಗೆರೆ ಸೀಮೆಗೆ ಹೆಚ್ಚು ಉಪಯೋಗಕ್ಕೆ ಬರುವವರು ಇವರೇ. ಹುಬ್ಬಳ್ಳಿಯೂ ಬೆಂಗಳೂರೂ ಹೆದ್ದಾರಿ 48ರ ಮೇಲೇ ಇರುವುದರಿಂದ ಲಾರಿ ರಾತ್ರಿ ಹೊರಟರೆ ಬೆಳಿಗ್ಗೆ ಮಾಲು ಊರಲ್ಲಿರುತ್ತದೆ. ಮಿಸುಮಿಯಂಥ ಕ್ಯಾಟಲಾಗ್ ಕಂಪನಿಗಳದು ಬೇರೆಯೇ ದಾರಿ. ಅಲ್ಲಿ ಪಾರ್ಟ್ ನಂಬರ್ ಹಾಕಿದರೆ ಅಳತೆ, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ) ಎಲ್ಲ ನಿಖರವಾಗಿ ಬರುತ್ತವೆ, ದರವೂ ಅದಕ್ಕೆ ತಕ್ಕ ಹಾಗೆ ಇರುತ್ತದೆ.

ತೂಕ ತಿಳಿದರೆ ದಪ್ಪ ತಿಳಿಯಿತು

ಕಬ್ಬಿಣದಲ್ಲಿ ವ್ಯತ್ಯಾಸ ಅಡಗುವ ಜಾಗ ದಪ್ಪ. 40×40 ಎನ್ನುವುದು ಹೊರಗಿನ ಅಳತೆ, ಅದನ್ನು ಯಾರೂ ಬದಲಿಸುವುದಿಲ್ಲ. ಆದರೆ '2 ಎಂಎಂ' ಎಂದು ಮಾರುವ ಪೈಪಿನ ಗೋಡೆ ನಿಜಕ್ಕೂ 1.8 ಇರಬಹುದು, 1.7 ಇರಬಹುದು. ಗೇಜಿನಲ್ಲಿ ಹೇಳಿದರಂತೂ ಇನ್ನೂ ಮಸುಕು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬ್ರಿಟಿಷ್ ಗೇಜಿನ ಪ್ರಕಾರ 14 ಗೇಜು ಎಂದರೆ 2.03 ಮಿ.ಮೀ., 16 ಗೇಜು 1.63, 18 ಗೇಜು 1.22, 20 ಗೇಜು 0.91. ಅಮೆರಿಕದ ತಗಡಿನ ಗೇಜಿನಲ್ಲಿ 16 ಎಂದರೆ 1.52 ಮಾತ್ರ. 'ಗೇಜ್ ಬೇಡ, ಮಿಲಿಮೀಟರ್‌ನಲ್ಲಿ ಬರೆದುಕೊಡಿ' ಎಂದು ಕೇಳುವುದು ಮೊದಲ ಹೆಜ್ಜೆ.

ಎರಡನೆಯದು ತೂಕದ ಸೂತ್ರ ಬಾಯಿಗೆ ಬಂದಿರಬೇಕು. ಉಕ್ಕಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 7.85 ಗ್ರಾಂ. ಅದರಿಂದ ಉಳಿದದ್ದೆಲ್ಲ ಬರುತ್ತದೆ, ಅಳತೆಗಳನ್ನು ಮಾತ್ರ ಮಿ.ಮೀ.ನಲ್ಲಿ ಹಿಡಿಯಬೇಕು. ದುಂಡು ಸರಳಿಗೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ: 25 ಮಿ.ಮೀ. ಶಾಫ್ಟು ಮೀಟರಿಗೆ 3.86 ಕೆ.ಜಿ., 30 ಮಿ.ಮೀ. ಶಾಫ್ಟು 5.56 ಕೆ.ಜಿ. ಪಟ್ಟಿಗೆ ಅಗಲ × ದಪ್ಪ × 0.00785. ತಗಡಿಗೆ ಇನ್ನೂ ಸುಲಭ, 1 ಮಿ.ಮೀ. ದಪ್ಪದ ಒಂದು ಚದರ ಮೀಟರು 7.85 ಕೆ.ಜಿ. ತೂಗುತ್ತದೆ. 8×4 ಅಡಿಯ ಹಾಳೆಯಾದರೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 23.4 ಕೆ.ಜಿ. ಚೌಕ ಪೈಪಿಗೆ (ಬದಿ − ದಪ್ಪ) × ದಪ್ಪ × 0.0314 ಮಾಡಿದರೆ ಮೀಟರಿನ ತೂಕ ಬರುತ್ತದೆ. ಮೂಲೆಗಳು ದುಂಡಗಿರುವುದರಿಂದ ನಿಜವಾದ ತೂಕ ಅದಕ್ಕಿಂತ ಶೇ. 3ರಷ್ಟು ಕಡಿಮೆ ಇರುತ್ತದೆ.

40×40×2 ಪೈಪಿಗೆ ಸೂತ್ರ 2.39 ಕೊಡುತ್ತದೆ. ಮೂಲೆಯ ದುಂಡು ಕಳೆದರೆ ಮೀಟರಿಗೆ ಸುಮಾರು 2.3 ಕೆ.ಜಿ., 6 ಮೀಟರಿನ ಒಂದು ಲೆಂಗ್ತು 13.8 ಕೆ.ಜಿ. ಅದೇ ಪೈಪು 1.8 ದಪ್ಪ ಇದ್ದರೆ ಲೆಂಗ್ತು 12.56 ಕೆ.ಜಿ. ಮಾತ್ರ. ಕೈಗೆ ಗೊತ್ತಾಗದ, ಕಣ್ಣಿಗೆ ಕಾಣದ 0.2 ಮಿಲಿಮೀಟರಿನಲ್ಲಿ ಶೇ. 9ರಷ್ಟು ಕಬ್ಬಿಣ ಹೋಯಿತು. ತಯಾರಿಕೆಯಲ್ಲಿ ಒಂದಷ್ಟು ಹೆಚ್ಚುಕಡಿಮೆಗೆ ಮಾನದಂಡವೇ ಅವಕಾಶ ಕೊಟ್ಟಿದೆ, ಅದು ಮೋಸವಲ್ಲ. ಆದರೆ ಎಲ್ಲ ಲೆಂಗ್ತುಗಳೂ ಪ್ರತಿ ಸಲವೂ ಕಡಿಮೆಯ ಕಡೆಗೇ ವಾಲಿದ್ದರೆ ಆ ಮಾಲಿನ ದರವನ್ನು ಪೂರ್ತಿ 2 ಮಿ.ಮೀ. ಮಾಲಿನ ದರದ ಪಕ್ಕದಲ್ಲಿ ಇಡಬಾರದು.

ಒಂದು ಲೆಕ್ಕ ಬಿಡಿಸಿ ನೋಡೋಣ

50 ಲೆಂಗ್ತು 40×40×2 ಪೈಪ್ ಬೇಕು ಎಂದಿಟ್ಟುಕೊಳ್ಳಿ. ಇಲ್ಲಿ ಬಳಸಿರುವ ದರಗಳು ಲೆಕ್ಕ ತೋರಿಸುವುದಕ್ಕಷ್ಟೇ, ಇಂದಿನ ಮಾರುಕಟ್ಟೆ ದರ ಎಂದು ಹಿಡಿಯಬೇಡಿ.

ಊರಿನ ಸ್ಟಾಕಿಸ್ಟ್ ಹೇಳಿದ್ದು ಕೆ.ಜಿ.ಗೆ 68 ರೂಪಾಯಿ, ಜಿಎಸ್‌ಟಿ ಬೇರೆ, ತೂಕ ಮಾಡಿ ಬಿಲ್ಲು. ಪೈಪು ಪೂರ್ತಿ ದಪ್ಪದ್ದು, 50 ಲೆಂಗ್ತು 690 ಕೆ.ಜಿ. ತೂಗಿತು. 690 × 68 = 46,920 ರೂಪಾಯಿ. ಗೂಡ್ಸ್ ಗಾಡಿಗೆ 800. ಒಟ್ಟು 47,720.

ಆನ್‌ಲೈನ್ ಮಾರಾಟಗಾರ ಹೇಳಿದ್ದು ಲೆಂಗ್ತಿಗೆ 960 ರೂಪಾಯಿ, ಜಿಎಸ್‌ಟಿ ಸೇರಿ. ಮೊದಲು ಶೇ. 18 ತೆರಿಗೆ ಬಿಡಿಸಬೇಕು: 960 ÷ 1.18 = 813.56. ಇದನ್ನು 13.8 ಕೆ.ಜಿ.ಯಿಂದ ಭಾಗಿಸಿದರೆ ಕೆ.ಜಿ.ಗೆ 59 ರೂಪಾಯಿ. ಊರಿಗಿಂತ 9 ರೂಪಾಯಿ ಕಡಿಮೆ! ಹೆಚ್ಚಿನವರು ಆರ್ಡರ್ ಒತ್ತುವುದು ಇಲ್ಲೇ. ಆದರೆ ಒಂದು ಲೆಂಗ್ತು ಎಷ್ಟು ತೂಗುತ್ತದೆ ಎಂದು ಕೇಳಿದಾಗ ಬಂದ ಉತ್ತರ ಹನ್ನೆರಡೂವರೆ ಕೆ.ಜಿ. ಅಂದರೆ ದಪ್ಪ 1.8. ಹಾಗಾದರೆ 12.56ರಂತೆ 50 ಲೆಂಗ್ತು 628 ಕೆ.ಜಿ. ಮಾಲಿನ ಬೆಲೆ 40,678 ರೂಪಾಯಿ. ಲಾರಿ ಬಾಡಿಗೆ ಕೆ.ಜಿ.ಗೆ 3.50ರಂತೆ 2,198. ಟ್ರಾನ್ಸ್‌ಪೋರ್ಟ್ ಗೋಡೌನ್‌ನಿಂದ ಶೆಡ್ಡಿಗೆ ತರಲು ಮತ್ತೆ 800. ಒಟ್ಟು 43,676.

ಈಗ ಭಾಗಿಸಿ ನೋಡಿ. ಊರಿನದು ಕೆ.ಜಿ.ಗೆ 69.16 ರೂಪಾಯಿ. ಆನ್‌ಲೈನ್‌ನದು 69.55. ಲೆಂಗ್ತಿನ ಲೆಕ್ಕದಲ್ಲಿ 80 ರೂಪಾಯಿ ಉಳಿದ ಹಾಗೆ ಕಂಡದ್ದು ಅಷ್ಟೂ ಕಬ್ಬಿಣ ಕಡಿಮೆ ಬಂದದ್ದರ ಬೆಲೆ. ನಿಮ್ಮ ಕೆಲಸಕ್ಕೆ 1.8 ಸಾಕಾಗಿದ್ದರೆ (ಜಿಂಕ್ ಶೀಟಿನ ಬಾಗಿಲು, ಗ್ರಿಲ್ಲಿನ ಚೌಕಟ್ಟು) ಅದನ್ನೇ ತಿಳಿದು ಕೊಂಡುಕೊಳ್ಳಿ, ತಪ್ಪೇನೂ ಇಲ್ಲ. ಟ್ರೇಲರ್ ಚಾಸಿಗೋ, ಗಡಗಡ ಅಲುಗುವ ಒಕ್ಕಣೆ ಯಂತ್ರದ ಫ್ರೇಮಿಗೋ ಅದನ್ನು 2 ಮಿ.ಮೀ. ಎಂದು ನಂಬಿ ಹಾಕಿದರೆ ವೆಲ್ಡಿಂಗ್ ಪಕ್ಕದಲ್ಲಿ ಬಿರುಕು ಬಿಡುತ್ತದೆ, ಅದೂ ಸುಗ್ಗಿಯ ನಡುವೆ.

ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು: ವ್ಯರ್ಥ. 6 ಮೀಟರಿನ ಲೆಂಗ್ತಿನಲ್ಲಿ 1.3 ಮೀಟರಿನ ತುಂಡು ಕತ್ತರಿಸಿದರೆ ನಾಲ್ಕು ಬಂದು 80 ಸೆಂ.ಮೀ. ಉಳಿಯುತ್ತದೆ, ಶೇ. 13 ಗುಜರಿಗೆ. ವಿನ್ಯಾಸವನ್ನು 1.19 ಮೀಟರಿಗೆ ಇಳಿಸಲು ಸಾಧ್ಯವಾದರೆ ಐದು ಬರುತ್ತವೆ. ಸರಿಯಾಗಿ 1.2 ಎಂದು ಬರೆದರೆ ಐದನೆಯದು ಗಿಡ್ಡವಾಗುತ್ತದೆ, ಏಕೆಂದರೆ ಪ್ರತಿ ಕಟ್ಟಿನಲ್ಲೂ ಕಟಿಂಗ್ ವೀಲ್ ಎರಡೂವರೆ ಮಿಲಿಮೀಟರ್ ತಿನ್ನುತ್ತದೆ. ಪೂರೈಕೆದಾರ ಕೆ.ಜಿ.ಗೆ ಒಂದೆರಡು ರೂಪಾಯಿ ಇಳಿಸಿದ್ದಕ್ಕಿಂತ ಇದರಲ್ಲಿ ಉಳಿಯುವುದು ಹೆಚ್ಚು.

ಲಾರಿ, ಕೊರಿಯರ್, ಬಸ್ಸು

20 ಅಡಿ ಪೈಪು ಕೊರಿಯರ್‌ನಲ್ಲಿ ಬರುವುದಿಲ್ಲ, ಪಾರ್ಸೆಲ್ ಲಾರಿಯೇ ಬೇಕು. ಆ ಲಾರಿಯವರು ಕೊಡುವ ದರದಲ್ಲಿ ಮುಖ್ಯ ಪ್ರಶ್ನೆ: ಗೋಡೌನ್ ಡೆಲಿವರಿಯೋ, ಡೋರ್ ಡೆಲಿವರಿಯೋ? ಗೋಡೌನ್ ಎಂದರೆ ಅವರ ಶೆಡ್ಡಿನಿಂದ ನಾವೇ ತರಬೇಕು. ಬಾಡಿಗೆ 'ಪೇಯ್ಡ್' ಇದೆಯೋ 'ಟು ಪೇ' ಇದೆಯೋ ಎಂದೂ ಕೇಳಿ. ಟು ಪೇ ಆದರೆ ಎಲ್‌ಆರ್ (ಲಾರಿಯವರು ಕೊಡುವ ಮಾಲಿನ ರಸೀದಿ) ತೋರಿಸಿ ದುಡ್ಡು ಕಟ್ಟಿದ ಮೇಲೇ ಮಾಲು ಕೈಗೆ ಬರುವುದು. ಲೋಡಿಂಗ್, ಹಮಾಲಿ, ಎಲ್‌ಆರ್ ಶುಲ್ಕ, ಪ್ಯಾಕಿಂಗ್ ಇವೆಲ್ಲ ಸಣ್ಣ ಸಣ್ಣ ಸಾಲುಗಳಾಗಿ ಬಿಲ್ಲಿನ ಕೆಳಗೆ ಸೇರಿಕೊಳ್ಳುತ್ತವೆ. 100 ಕೆ.ಜಿ. ಆರ್ಡರಿನಲ್ಲಿ ಈ ಸಾಲುಗಳೇ ಕೆ.ಜಿ. ದರವನ್ನು ಏರಿಸಿಬಿಡುತ್ತವೆ, ಟನ್ನಿನ ಆರ್ಡರಿನಲ್ಲಿ ಗೊತ್ತೇ ಆಗುವುದಿಲ್ಲ. ಅಕ್ಕಪಕ್ಕದ ಎರಡು ಮೂರು ವರ್ಕ್‌ಶಾಪಿನವರು ಸೇರಿ ಒಂದೇ ಗಾಡಿಯಲ್ಲಿ ತರಿಸಿ, ಬಿಲ್ಲನ್ನು ಮಾತ್ರ ಬೇರೆ ಬೇರೆ ಹೆಸರಿಗೆ ಮಾಡಿಸಿಕೊಳ್ಳುವುದು ಒಳ್ಳೆಯ ದಾರಿ.

ಕೊರಿಯರ್‌ನಲ್ಲಿ ಬರುವ ವಸ್ತುವಿಗೆ ತೂಕವಲ್ಲದೆ ಗಾತ್ರದ ಲೆಕ್ಕವೂ ಇದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 60×40×40 ಪೆಟ್ಟಿಗೆಯಲ್ಲಿ 9 ಕೆ.ಜಿ.ಯ ಬ್ಲೋವರ್ ಬಂದರೆ ಬಾಡಿಗೆ ಬೀಳುವುದು 19.2 ಕೆ.ಜಿ.ಗೆ. ಬೇರಿಂಗ್, ಬೆಲ್ಟು, ಡ್ರಿಲ್ ಬಿಟ್ಟಿನಂಥ ಗಟ್ಟಿ ಸಣ್ಣ ಮಾಲಿಗೆ ಈ ತೊಂದರೆ ಇಲ್ಲ, ಅದಕ್ಕೇ ಅವು ಆನ್‌ಲೈನ್‌ಗೆ ಹೇಳಿಮಾಡಿಸಿದ ವಸ್ತುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಹಣ ಹಾಕಿದರೆ ಬಸ್ಸಿನಲ್ಲಿ ಕಳಿಸುತ್ತಾರೆ. ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಸೇವೆ 2021ರಿಂದ ಇದೆ. ತುರ್ತಿನ ಬೇರಿಂಗಿಗೆ ಕೊರಿಯರ್‌ಗಿಂತ ಇದು ಬೇಗ.

ಮೊಳಕಾಲ್ಮೂರು, ಜಗಳೂರು, ಹೊಸದುರ್ಗದ ಕಡೆಯವರು ಪಿನ್‌ಕೋಡ್ ಹಾಕಿ ನೋಡಿದಾಗ ಭಾರದ ಮಾಲಿಗೆ 'ಇಲ್ಲಿಗೆ ಸೇವೆ ಇಲ್ಲ' ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ಚಿತ್ರದುರ್ಗದಲ್ಲಿ ಹೆದ್ದಾರಿ 48 ಮತ್ತು 50 ಕೂಡುವುದರಿಂದ ಅಲ್ಲಿಯ ಟ್ರಾನ್ಸ್‌ಪೋರ್ಟ್ ಗೋಡೌನ್ ತನಕ ತರಿಸಿಕೊಂಡು, ಊರಿನ ಗಾಡಿಯಲ್ಲಿ ಮುಂದಕ್ಕೆ ಒಯ್ಯಬಹುದು. ಆ ಕೊನೆಯ ತುಂಡಿನ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೆ.

ತೆರಿಗೆಯ ಲೆಕ್ಕ

ಕಬ್ಬಿಣ-ಉಕ್ಕಿಗೆ ಜಿಎಸ್‌ಟಿ ಶೇ. 18. ಕರ್ನಾಟಕದೊಳಗಿನ ಮಾರಾಟಗಾರನಾದರೆ 9 ಮತ್ತು 9 ಎಂದು ಎರಡು ಸಾಲು, ಹೊರರಾಜ್ಯದವನಾದರೆ ಐಜಿಎಸ್‌ಟಿ 18 ಎಂದು ಒಂದೇ ಸಾಲು. ಒಟ್ಟು ಒಂದೇ, ಹೊರರಾಜ್ಯದ ಮಾಲಿಗೆ ತೆರಿಗೆ ಹೆಚ್ಚು ಎಂಬ ಮಾತು ಸರಿಯಲ್ಲ.

ನೀವು ಸಾಮಾನ್ಯ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಆ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಹಾಗಾಗಿ ತೆರಿಗೆ ಬಿಟ್ಟ ದರವನ್ನೇ ಹೋಲಿಸಿ. ಕಾಂಪೊಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ), ಅಥವಾ ನೋಂದಣಿಯೇ ಇಲ್ಲದಿದ್ದರೆ, ಕ್ರೆಡಿಟ್ ಇಲ್ಲ. ಆಗ ತೆರಿಗೆ ಸೇರಿದ ದರವೇ ನಿಮ್ಮ ದರ. ಒಂದೇ ಕೊಟೇಷನ್ ಇಬ್ಬರಿಗೆ ಎರಡು ಬೆಲೆ ಆಗುವುದು ಹೀಗೆ. ಆನ್‌ಲೈನ್‌ನಲ್ಲಿ ಸಾಮಾನ್ಯ ಗಿರಾಕಿಯ ಖಾತೆಯಿಂದ ಆರ್ಡರ್ ಮಾಡಿದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರುವುದಿಲ್ಲ, ಶೇ. 18 ಹೋದ ಹಾಗೇ. ಆರ್ಡರ್ ಒತ್ತುವ ಮೊದಲೇ ನಂಬರ್ ಸೇರಿಸಿ. ಬಿಲ್ಲು ಬಂದರೂ ಸಾಲದು: ಮಾರಾಟಗಾರ ತನ್ನ ರಿಟರ್ನ್ ಸಲ್ಲಿಸಿದರೆ ಮಾತ್ರ ಆ ಬಿಲ್ಲು ಮುಂದಿನ ತಿಂಗಳ 14ರ ಹೊತ್ತಿಗೆ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ (ಪೋರ್ಟಲ್ ತಯಾರಿಸುವ ಕ್ರೆಡಿಟ್ಟಿನ ಪಟ್ಟಿ) ಕಾಣುತ್ತದೆ. ಅಲ್ಲಿ ಕಾಣದಿದ್ದರೆ ಕ್ರೆಡಿಟ್ ಸಿಗುವುದಿಲ್ಲ. ಕೆ.ಜಿ.ಗೆ ಒಂದು ರೂಪಾಯಿ ಕಡಿಮೆ ಕೊಟ್ಟು ರಿಟರ್ನ್ ಹಾಕದವನಿಗಿಂತ ಸರಿಯಾಗಿ ಹಾಕುವವನೇ ಅಗ್ಗ.

ತೆರಿಗೆ ಸೇರಿ ಬಿಲ್ಲು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಬೇಕು. ಮೇಲಿನ ಉದಾಹರಣೆಯಲ್ಲಿ ಊರಿನ ಸ್ಟಾಕಿಸ್ಟ್ ಮಾಲಿನ ಬೆಲೆ 46,920 ಎಂದು ಕಂಡರೂ ತೆರಿಗೆ ಸೇರಿದಾಗ 55,366 ಆಗುತ್ತದೆ ಎಂಬುದನ್ನು ಗಮನಿಸಿ.

ಬೋಲ್ಟು, ಬೇರಿಂಗ್, ಬೆಲ್ಟು, ಡಿಸ್ಕು

ಬೋಲ್ಟಿನ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. 8.8 ಎಂಬ ಅಂಕಿ, ಜೊತೆಗೆ ತಯಾರಕರ ಗುರುತು ಉಬ್ಬಾಗಿ ಕಾಣಬೇಕು. 8.8ರಲ್ಲಿ ಮೊದಲ 8 ಎಂದರೆ ಎಳೆತದ ಬಲ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್, ಚುಕ್ಕಿಯ ನಂತರದ 8 ಎಂದರೆ ಅದರ ಶೇ. 80ರಲ್ಲಿ, ಅಂದರೆ 640ರಲ್ಲಿ, ಬೋಲ್ಟು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗತೊಡಗುತ್ತದೆ. 4.6 ಬೋಲ್ಟಿಗೆ ಇವು 400 ಮತ್ತು 240. ತಲೆಯ ಮೇಲೆ ಏನೂ ಇಲ್ಲದಿದ್ದರೆ ಪುಟದಲ್ಲಿ 'ಹೈ ಟೆನ್ಸೈಲ್' ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದಿದ್ದರೂ 4.6 ಎಂದೇ ತಿಳಿಯಿರಿ. ಬ್ಲೇಡ್ ಹಿಡಿಯುವ ಜಾಗಕ್ಕೆ, ಟ್ರೇಲರ್ ಹುಕ್ಕಿಗೆ ಅದನ್ನು ಹಾಕಬಾರದು. ದರ ಹೋಲಿಸುವಾಗ ಒಬ್ಬರದು 100 ಪೀಸಿನ ಪ್ಯಾಕೆಟ್, ಇನ್ನೊಬ್ಬರದು ಕೆ.ಜಿ. ಲೆಕ್ಕ ಆಗಿದ್ದರೆ ಹತ್ತು ಬೋಲ್ಟು ತೂಗಿ ಪರಿವರ್ತಿಸಿಕೊಳ್ಳಿ. ನಟ್, ವಾಷರ್ ಸೇರಿದೆಯೇ ಎಂದೂ ನೋಡಿ. 10 ಮಿ.ಮೀ.ನ ಎಂ10ರಲ್ಲಿ ಸಾಮಾನ್ಯ ಪಿಚ್ (ಒಂದು ಮರೆಯಿಂದ ಇನ್ನೊಂದಕ್ಕೆ ಇರುವ ಅಂತರ) 1.5 ಮಿ.ಮೀ., ಎಂ12ರಲ್ಲಿ 1.75. ಫೈನ್ ಪಿಚ್ ಬೋಲ್ಟು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಊರಿನ ನಟ್ ಅದಕ್ಕೆ ಕೂರುವುದಿಲ್ಲ.

ಬೇರಿಂಗಿನಲ್ಲಿ 6205 ಎಂದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. 04ರಿಂದ ಮುಂದೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ. ಆದರೆ ದರದ ವ್ಯತ್ಯಾಸ ಇರುವುದು ಹಿಂದಿನ ಅಕ್ಷರಗಳಲ್ಲಿ: ಝಡ್‌ಝಡ್ ಎಂದರೆ ಲೋಹದ ಮುಚ್ಚಳ, ಟುಆರ್‌ಎಸ್ ಎಂದರೆ ರಬ್ಬರ್ ಸೀಲು. ಮೆಕ್ಕೆಜೋಳದ ದೂಳಿನಲ್ಲಿ, ಅಕ್ಕಿ ಗಿರಣಿಯಲ್ಲಿ ರಬ್ಬರ್ ಸೀಲಿನದೇ ಬೇಕು. ಸಿ3 ಎಂದಿದ್ದರೆ ಒಳಗಿನ ಸಡಿಲ ಸ್ವಲ್ಪ ಹೆಚ್ಚು, ಬಿಸಿಯಾಗುವ ಜಾಗಕ್ಕೆ ಸರಿ. ನಕಲಿ ಮಾಲು ಹೆಚ್ಚಾಗಿ ಕಾಣುವ ವಸ್ತುಗಳಲ್ಲಿ ಬೇರಿಂಗೂ ಒಂದು. ಹೆಸರಾಂತ ಕಂಪನಿಯ ಬೇರಿಂಗ್ ಅರ್ಧ ಬೆಲೆಗೆ ಸಿಗುತ್ತಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿರುವ ಅಧಿಕೃತ ವಿತರಕರ ಪಟ್ಟಿಯಲ್ಲಿ ಆ ಮಾರಾಟಗಾರನ ಹೆಸರು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಬಿಟ್ಟುಬಿಡಿ. ಅಗ್ಗದ ಬೇರಿಂಗು ಶಾಫ್ಟನ್ನೂ ತಿಂದು ಹಾಕಿದರೆ ಲೇತಿನ ಕೂಲಿ ಅದರ ಹತ್ತು ಪಟ್ಟು.

ವಿ-ಬೆಲ್ಟ್ ಬಿ-52 ಎಂದರೆ ಬಿ ಸೆಕ್ಷನ್, ಅಂದರೆ 17 ಮಿ.ಮೀ. ಅಗಲ 11 ಮಿ.ಮೀ. ಎತ್ತರ, ಒಳ ಉದ್ದ 52 ಇಂಚು. ಎರಡು ಗ್ರೂವಿನ ಪುಲ್ಲಿಗೆ ಎರಡು ಬೆಲ್ಟನ್ನು ಬೇರೆ ಬೇರೆ ಮಾರಾಟಗಾರರಿಂದ ತರಿಸಬೇಡಿ. ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದರೂ ಒಂದೇ ಬೆಲ್ಟು ಭಾರವೆಲ್ಲ ಹೊತ್ತು ಬೇಗ ಹರಿಯುತ್ತದೆ. ಒಂದೇ ಬ್ಯಾಚಿನ ಜೋಡಿ ಕೇಳಿ.

ಕಟಿಂಗ್, ಗ್ರೈಂಡಿಂಗ್ ಡಿಸ್ಕಿನ ವಿಷಯದಲ್ಲಿ ಅಗ್ಗದ ಆಸೆ ನೇರವಾಗಿ ಕಣ್ಣಿಗೆ ಅಪಾಯ. ಡಿಸ್ಕಿನಲ್ಲಿ ಕಣಗಳನ್ನು ಹಿಡಿದಿರುವುದು ರೆಸಿನ್, ಅದು ಹಳೆಯದಾದಂತೆ, ತೇವ ಕುಡಿದಂತೆ ಬಲ ಕಳೆದುಕೊಳ್ಳುತ್ತದೆ. ಒಳ್ಳೆಯ ತಯಾರಕರು ನಡುವಿನ ಲೋಹದ ಉಂಗುರದ ಮೇಲೆ ತಿಂಗಳು-ವರ್ಷ ಒತ್ತಿರುತ್ತಾರೆ, ತಯಾರಾದ ದಿನದಿಂದ ಮೂರು ವರ್ಷ ಎಂಬುದು ವಾಡಿಕೆ. ಗೋಡೌನ್ ಖಾಲಿ ಮಾಡಲು ಇಟ್ಟ 50ರ ಪ್ಯಾಕಿನಲ್ಲಿ ಆ ದಿನ ದಾಟಿರಬಹುದು, ಬಂದ ಕೂಡಲೇ ನೋಡಿ. ವೇಗವೂ ಹೊಂದಬೇಕು: ಸೆಕೆಂಡಿಗೆ 80 ಮೀಟರ್ ಮಿತಿಯ 14 ಇಂಚಿನ ವೀಲಿಗೆ ಗರಿಷ್ಠ ಸುಮಾರು 4,300 ಸುತ್ತು, 4 ಇಂಚಿನದಕ್ಕೆ ಸುಮಾರು 15,300. ಯಂತ್ರದ ಮೇಲಿನ ಸಂಖ್ಯೆ ಡಿಸ್ಕಿನ ಮೇಲಿನದಕ್ಕಿಂತ ಕಡಿಮೆ ಇರಬೇಕು.

ಡ್ರಿಲ್ ಬಿಟ್ಟಿನ ಚಿನ್ನದ ಬಣ್ಣ ಕೋಬಾಲ್ಟ್ ಅಲ್ಲ, ಅದು ಮೇಲಿನ ಲೇಪ. ಸ್ಟೇನ್‌ಲೆಸ್ ಕೊರೆಯಲು ಬೇಕಾದದ್ದು ಶೇ. 5 ಕೋಬಾಲ್ಟ್ ಇರುವ ಎಂ35, ಆ ಹೆಸರು ಪುಟದಲ್ಲಿ ಸ್ಪಷ್ಟವಾಗಿ ಇರಬೇಕು.

ಸ್ಟೇನ್‌ಲೆಸ್‌ನದು ಇನ್ನೊಂದು ಕಥೆ. ಮಂಡಕ್ಕಿ ಭಟ್ಟಿಯ ಜರಡಿಗೋ ಚಳ್ಳಕೆರೆಯ ಎಣ್ಣೆ ಮಿಲ್ಲಿನ ತೊಟ್ಟಿಗೋ 304 ದರ್ಜೆ ಎಂದು ಕೇಳಿದಾಗ ಅಗ್ಗದ 202 ಬಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಮ್ಯಾಗ್ನೆಟ್ ಪರೀಕ್ಷೆ ಇಲ್ಲಿ ನಡೆಯದು, ಎರಡೂ ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿದರೆ 430 ಜಾತಿಯದು ಎಂದಷ್ಟೇ ತಿಳಿಯಬಹುದು. 304ರಲ್ಲಿ ನಿಕ್ಕಲ್ ಶೇ. 8ರಷ್ಟಿದ್ದರೆ 202ರಲ್ಲಿ ಅದರ ಅರ್ಧದಷ್ಟಿದ್ದು ಮ್ಯಾಂಗನೀಸ್ ಸೇರಿಸಿರುತ್ತಾರೆ, ಉಪ್ಪು-ತೇವ ಇರುವಲ್ಲಿ ಅದು ಬೇಗ ಚುಕ್ಕೆ ಹಿಡಿಯುತ್ತದೆ. ಹನಿ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ ಸಿಗುತ್ತದೆ, ಸ್ಟೇನ್‌ಲೆಸ್ ಕೆಲಸ ಹೆಚ್ಚಾಗಿರುವವರು ಒಂದು ಇಟ್ಟುಕೊಳ್ಳುವುದು ಒಳ್ಳೆಯದು. ಶಾಫ್ಟಿಗೆ ಇಎನ್8 (ಇಂಗಾಲ ಹೆಚ್ಚಿರುವ ಉಕ್ಕು) ಕೇಳಿದಾಗ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಬಂದಿದೆಯೇ ಎಂದು ತಿಳಿಯಲು ಗ್ರೈಂಡರ್ ಸಾಕು: ಗೊತ್ತಿರುವ ಎಂಎಸ್ ತುಂಡಿನ ಪಕ್ಕದಲ್ಲಿ ಹಿಡಿದು ನೋಡಿದರೆ ಇಎನ್8ರ ಕಿಡಿ ತುದಿಯಲ್ಲಿ ಹೆಚ್ಚು ಕವಲೊಡೆಯುತ್ತದೆ.

ಕೇಳುವ ರೀತಿ

'ಬೆಸ್ಟ್ ರೇಟ್ ಹೇಳಿ' ಎಂದು ಕೇಳಿದರೆ ಅದಕ್ಕೆ ತಕ್ಕ ತೆಳು ಮಾಲಿನ ದರವೇ ಬರುತ್ತದೆ. ಎಲ್ಲರಿಗೂ ಒಂದೇ ಸಂದೇಶ ಕಳಿಸಿ, ಹೀಗೆ:

'ಎಂಎಸ್ ಚೌಕ ಪೈಪ್ 40×40, ನಿಜವಾದ ದಪ್ಪ 2.0 ಮಿ.ಮೀ., ಉದ್ದ 6 ಮೀಟರ್, 50 ಲೆಂಗ್ತ್, ಐಎಸ್ 4923. ಯಾವ ಮಿಲ್‌ನದು? ಒಂದು ಲೆಂಗ್ತಿನ ತೂಕ ಎಷ್ಟು? ದರ ಕೆ.ಜಿ.ಗೆ, ಜಿಎಸ್‌ಟಿ ಬಿಟ್ಟು ಹೇಳಿ. ಬಿಲ್ಲು ವೇಬ್ರಿಡ್ಜ್ ತೂಕಕ್ಕೋ, ಲೆಕ್ಕದ ತೂಕಕ್ಕೋ? ದಾವಣಗೆರೆ 577004ಕ್ಕೆ ಬಾಡಿಗೆ, ಲೋಡಿಂಗ್, ಪ್ಯಾಕಿಂಗ್ ಬೇರೆ ಬೇರೆ ಬರೆಯಿರಿ. ಟೆಸ್ಟ್ ಸರ್ಟಿಫಿಕೇಟ್ ಕೊಡುತ್ತೀರಾ? ಈ ದರ ಎಂದಿನವರೆಗೆ?'

ಇದಕ್ಕೆ ಪೂರ್ತಿ ಉತ್ತರ ಕೊಟ್ಟವರನ್ನು ಮಾತ್ರ ಪಟ್ಟಿಗೆ ಸೇರಿಸಿ. ಲೆಂಗ್ತಿನ ತೂಕ ಕೇಳಿದ ಕೂಡಲೇ ಮಾತು ಬದಲಿಸುವವರ ದರವನ್ನು ಹೋಲಿಸುವ ಅಗತ್ಯವೇ ಇಲ್ಲ. ಲೆಕ್ಕದ ತೂಕಕ್ಕೆ ಬಿಲ್ಲು ಮಾಡಿ ತೆಳು ಮಾಲು ಕಳಿಸುವುದು ಈ ವ್ಯಾಪಾರದಲ್ಲಿ ಎಲ್ಲಕ್ಕಿಂತ ದುಬಾರಿಯ ಏಟು: ಬಾರದ ಕಬ್ಬಿಣಕ್ಕೂ ದುಡ್ಡು ಕೊಟ್ಟ ಹಾಗಾಗುತ್ತದೆ.

ಹೊಸ ಮಾರಾಟಗಾರನಿಗೆ ಮುಂಗಡ ಹಾಕುವ ಮುನ್ನ ಅವನ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಹಾಕಿ ನೋಡಿ. ಹೆಸರು, ವಿಳಾಸ, ನೋಂದಣಿಯ ದಿನ, ನಂಬರ್ ಚಾಲ್ತಿಯಲ್ಲಿದೆಯೇ, ರಿಟರ್ನ್ ಸಲ್ಲಿಸುತ್ತಿದ್ದಾನೆಯೇ ಎಲ್ಲವೂ ಉಚಿತವಾಗಿ ಸಿಗುತ್ತವೆ. ಮೊದಲ ಎರಡು ಅಂಕಿ ರಾಜ್ಯ: 29 ಕರ್ನಾಟಕ, 27 ಮಹಾರಾಷ್ಟ್ರ, 24 ಗುಜರಾತ್, 33 ತಮಿಳುನಾಡು. 'ಬೆಂಗಳೂರು ಗೋಡೌನ್' ಎಂದು ಹೇಳಿ 07ರ ದೆಹಲಿ ನಂಬರ್ ಕೊಟ್ಟರೆ ಕಾರಣ ಕೇಳಿ. ಬ್ಯಾಂಕ್ ಖಾತೆ ಅದೇ ಸಂಸ್ಥೆಯ ಹೆಸರಿನಲ್ಲಿ ಇರಬೇಕು, ವ್ಯಕ್ತಿಯೊಬ್ಬರ ಯುಪಿಐ ನಂಬರಿಗೆ ದೊಡ್ಡ ಮುಂಗಡ ಬೇಡ. ಮೋಸವಾಗಿದೆ ಎಂದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಬೇರೆ ಖಾತೆಗೆ ದಾಟುವ ಮುನ್ನ ತಡೆಯುವ ಅವಕಾಶ ಇರುತ್ತದೆ. ಐಎಸ್‌ಐ ಗುರುತಿನ ಮಾಲಾದರೆ ಅದರ ಮೇಲಿನ ಸಿಎಂ/ಎಲ್ ನಂಬರನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದು, ಯಾವ ವಸ್ತುವಿಗೆ ಎಂದು ತೋರಿಸುತ್ತದೆ.

ಊರಿನ ಅಂಗಡಿಯನ್ನು ಎಲ್ಲಿ ಬಿಡಬಾರದು

ಆಂಗಲ್, ಪಟ್ಟಿ, ಪೈಪು 200–300 ಕೆ.ಜಿ. ಒಳಗಿದ್ದರೆ ಬಾಡಿಗೆ ಸೇರಿ ಆನ್‌ಲೈನ್ ಗೆಲ್ಲುವುದು ಕಷ್ಟ. ಊರಿನ ಅಂಗಡಿಯವರು ಉದ್ರಿ ಕೊಡುತ್ತಾರೆ, ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ, ತಪ್ಪಿದ್ದರೆ ಸಂಜೆಯೊಳಗೆ ಬದಲಾಯಿಸುತ್ತಾರೆ. ಆನ್‌ಲೈನ್‌ನಲ್ಲಿ ಪೂರ್ತಿ ಹಣ ಮುಂಗಡ, ಕತ್ತರಿಸಿದ ಮಾಲು ವಾಪಸ್ ಇಲ್ಲ. ಒಂದು ತಿಂಗಳ ಉದ್ರಿಯ ಬೆಲೆ ನಿಮ್ಮ ಸಾಲದ ಬಡ್ಡಿಗೆ ಸಮ. ವರ್ಷಕ್ಕೆ ಶೇ. 12 ಬಡ್ಡಿ ಕಟ್ಟುವವರಿಗೆ ಅದು ಶೇ. 1, ಅಂದರೆ 68 ರೂಪಾಯಿ ಕಬ್ಬಿಣದಲ್ಲಿ ಕೆ.ಜಿ.ಗೆ 68 ಪೈಸೆ. ಅದನ್ನೂ ಊರಿನ ದರದಿಂದ ಕಳೆದು ನೋಡಿ. ಆನ್‌ಲೈನ್ ನಿಜವಾಗಿ ಗೆಲ್ಲುವುದು ಊರಲ್ಲಿ ಸಿಗದ ಅಳತೆಗಳಲ್ಲಿ: ಎಂ35 ಬಿಟ್ಟು, ಕಾರ್ಬೈಡ್ ಇನ್ಸರ್ಟ್, ಅಪರೂಪದ ಬೇರಿಂಗ್, ಸೆನ್ಸರ್, ವಿಚಿತ್ರ ಪಿಚ್ಚಿನ ಟ್ಯಾಪ್. ಇವನ್ನು ಸುಗ್ಗಿಗೆ ಎರಡು ತಿಂಗಳು ಮೊದಲೇ ತರಿಸಿ ಇಟ್ಟುಕೊಂಡರೆ ಬಸ್ಸಿನ ಪಾರ್ಸೆಲ್ಲಿಗಾಗಿ ಕಾಯುವುದು ತಪ್ಪುತ್ತದೆ.

ಮಾಲು ಬಂದ ದಿನ

ಗಾಡಿ ಇಳಿಸುವ ಮೊದಲು ವೇಬ್ರಿಡ್ಜಿಗೆ ಹೋಗಿ ತುಂಬಿದ ತೂಕದ ಚೀಟಿ, ಇಳಿಸಿದ ಮೇಲೆ ಖಾಲಿ ಗಾಡಿಯ ಚೀಟಿ ತೆಗೆದುಕೊಳ್ಳಿ. ಸಣ್ಣ ಆರ್ಡರಾದರೆ ಅಲ್ಲಲ್ಲಿಂದ ಐದು ಲೆಂಗ್ತು ಆರಿಸಿ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಮೇಲಿನದನ್ನೇ ತೂಗಬೇಡಿ, ಕಟ್ಟಿನ ನಡುವಿನದನ್ನು ಎಳೆದು ತೆಗೆಯಿರಿ. ದಪ್ಪ ಅಳೆಯುವಾಗ ಪೈಪಿನ ತುದಿಯಲ್ಲಿ ಕಟಿಂಗ್‌ನಿಂದ ಎದ್ದ ಮುಳ್ಳನ್ನು ಅರದಿಂದ ಉಜ್ಜಿ ತೆಗೆದು, ಬೆಸುಗೆಯ ಗೆರೆ ಇಲ್ಲದ ಮೂರು ಬದಿಗಳಲ್ಲಿ ವರ್ನಿಯರ್ ಇಡಿ. ಮುಳ್ಳಿನ ಮೇಲೆ ಅಳೆದರೆ 1.8 ಪೈಪೂ 2 ಎಂದೇ ತೋರಿಸುತ್ತದೆ.

ಕೊರತೆಯೋ ಬಾಗಿದ ಮಾಲೋ ಕಂಡರೆ ಎಲ್‌ಆರ್ ಪ್ರತಿಯ ಮೇಲೆ ಸಹಿ ಹಾಕುವ ಮುನ್ನವೇ 'ಎರಡು ಲೆಂಗ್ತು ಕಡಿಮೆ', 'ಮೂರು ಬಾಗಿವೆ' ಎಂದು ಬರೆದು, ಚಾಲಕನ ಸಹಿ ಪಡೆದು ಫೋಟೋ ತೆಗೆಯಿರಿ. ಖಾಲಿ ಸಹಿ ಮಾಡಿದರೆ ಮಾಲು ಸರಿಯಾಗಿ ಸೇರಿದೆ ಎಂದು ಒಪ್ಪಿದ ಹಾಗೆ, ಆಮೇಲೆ ಮಾರಾಟಗಾರ ಲಾರಿಯವರನ್ನು ತೋರಿಸುತ್ತಾನೆ, ಲಾರಿಯವರು ಮಾರಾಟಗಾರನನ್ನು. ಪೆಟ್ಟಿಗೆಯಲ್ಲಿ ಬಂದ ಟೂಲ್‌ಗಳನ್ನು ವಿಡಿಯೋ ಹಿಡಿದೇ ತೆರೆಯಿರಿ, ಲೇಬಲ್ಲಿನಿಂದ ಶುರುಮಾಡಿ ನಡುವೆ ನಿಲ್ಲಿಸದೆ. ಪರೀಕ್ಷೆ ಮುಗಿಯುವ ತನಕ ಒಂದು ಲೆಂಗ್ತನ್ನೂ ಕತ್ತರಿಸಬೇಡಿ. ಟೆಸ್ಟ್ ಸರ್ಟಿಫಿಕೇಟ್ ಬಂದಿದ್ದರೆ ಅದರಲ್ಲಿನ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಗುರುತು) ಕಟ್ಟಿನ ತಗಡಿನ ಚೀಟಿಯಲ್ಲಿ ಇರುವುದೇ ಎಂದು ತಾಳೆ ನೋಡಿ, ಆ ಚೀಟಿಯನ್ನು ಬಿಲ್ಲಿನ ಜೊತೆ ಪಿನ್ ಮಾಡಿಡಿ. ಕೆಲಸ ಮುಗಿದ ಮೇಲೆ ಒಂದು ಅಡಿ ತುಂಡು ಉಳಿಸಿ, ಅದರ ಮೇಲೆ ಪೇಂಟಿನಲ್ಲಿ ಮಾರಾಟಗಾರನ ಹೆಸರು, ತಿಂಗಳು, ಅಳೆದ ದಪ್ಪ, ಬಾಗಿಲಿಗೆ ಬಿದ್ದ ದರ ಬರೆದು ಗೋಡೆಗೆ ನೇತುಹಾಕಿ. ಮುಂದಿನ ಕೊಟೇಷನ್ ಬಂದಾಗ ಅದನ್ನು ಇಟ್ಟು ನೋಡಬೇಕಾದ್ದು ಆ ತುಂಡಿನ ಪಕ್ಕದಲ್ಲಿ.